ಮೂವತ್ತಕ್ಕೂ ಕಡಿಮೆ ಉಳಿದಿದ್ದ ಹಕ್ಕಿ: ಸೆಶೆಲ್ಸ್ ಉಲಿಯಕ್ಕಿ ಮತ್ತೆ ಬೆಳೆದ ಬಗೆ

ಒಂದು ಇಡೀ ಪ್ರಭೇದದ ಹಕ್ಕಿಗಳನ್ನೆಲ್ಲ ಒಂದೆಡೆ ಸೇರಿಸಿದರೂ ಮೂವತ್ತು ತುಂಬುವುದಿಲ್ಲ ಎಂಬ ಪರಿಸ್ಥಿತಿಯನ್ನು ಊಹಿಸಿಕೊಳ್ಳಿ. 1960ರ ದಶಕದಲ್ಲಿ ಹಿಂದೂ ಮಹಾಸಾಗರದ ಸೆಶೆಲ್ಸ್ ದ್ವೀಪಸಮೂಹದ ಪುಟ್ಟ ಹಾಡುಹಕ್ಕಿಯೊಂದು ಇಂಥ ಸ್ಥಿತಿಗೆ ಬಂದು ನಿಂತಿತ್ತು. ಆಗ ಎಣಿಕೆಗೆ ಸಿಕ್ಕ ಹಕ್ಕಿಗಳು 26ರಿಂದ 29 ಮಾತ್ರ. ಅವೆಲ್ಲವೂ ಇದ್ದದ್ದು ಕಸಿನ್ ಎಂಬ ಒಂದೇ ನಡುಗಡ್ಡೆಯಲ್ಲಿ. ಅದರ ವಿಸ್ತೀರ್ಣವೋ ಸುಮಾರು 29 ಹೆಕ್ಟೇರ್. ಅಂದರೆ ಬೆಂಗಳೂರಿನ ಲಾಲ್‌ಬಾಗ್‌ನ ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಒಮ್ಮೆ ಬೆಂಕಿ ಬಿದ್ದಿದ್ದರೆ, ಒಂದು ರೋಗ ಹಬ್ಬಿದ್ದರೆ, ದೋಣಿಯಿಂದ ಒಂದು ಜೋಡಿ ಇಲಿ ದಡಕ್ಕೆ ಇಳಿದಿದ್ದರೆ ಈ ಹಕ್ಕಿಯ ಹೆಸರು ಇಂದು ವಸ್ತುಸಂಗ್ರಹಾಲಯದ ಚೀಟಿಗಳಲ್ಲಿ ಮಾತ್ರ ಉಳಿದಿರುತ್ತಿತ್ತು.

ಹಾಗಾಗಲಿಲ್ಲ. ಇಂದು ಈ ಹಕ್ಕಿ ಐದು ನಡುಗಡ್ಡೆಗಳಲ್ಲಿ ನೆಲೆಸಿದೆ, ಸಂಖ್ಯೆ ಸಾವಿರಗಳಲ್ಲಿದೆ. ಇದಕ್ಕಾಗಿ ಯಾರೂ ಪಂಜರದಲ್ಲಿ ಮರಿ ಮಾಡಿಸಲಿಲ್ಲ, ಪ್ರಯೋಗಾಲಯದ ಪವಾಡವೂ ನಡೆಯಲಿಲ್ಲ. ಮೊದಲು ಮಾಡಿದ್ದು ಒಂದು ತೆಂಗಿನ ತೋಟವನ್ನು ತೆಗೆದದ್ದು!

ನೋಡಲು ಸಾಧಾರಣ, ಹಾಡಲು ಜಾಣ

ಮಂಗಳೂರಿನಿಂದ ನೈಋತ್ಯಕ್ಕೆ ಸುಮಾರು 2,900 ಕಿಲೋಮೀಟರ್ ಸಾಗಿದರೆ ಸೆಶೆಲ್ಸ್ ಸಿಗುತ್ತದೆ. ನೂರಕ್ಕೂ ಹೆಚ್ಚು ನಡುಗಡ್ಡೆಗಳ ಈ ಪುಟ್ಟ ರಾಷ್ಟ್ರ 1976ರಲ್ಲಿ ಬ್ರಿಟಿಷರಿಂದ ಸ್ವಾತಂತ್ರ್ಯ ಪಡೆಯಿತು. ಅದರ ನಡುಭಾಗದ ದ್ವೀಪಗಳು ಹವಳದವಲ್ಲ, ಕಗ್ಗಲ್ಲಿನವು. ಕೋಟ್ಯಂತರ ವರ್ಷಗಳ ಹಿಂದೆ ಈ ನೆಲ ಭಾರತದ ಭೂಖಂಡಕ್ಕೇ ಅಂಟಿಕೊಂಡಿತ್ತು. ಉತ್ತರ ಕರ್ನಾಟಕದ ಕಪ್ಪುಶಿಲೆಗೆ ಕಾರಣವಾದ ದಖನ್ ಜ್ವಾಲಾಮುಖಿಗಳು ಉಕ್ಕುತ್ತಿದ್ದ ಕಾಲದ ಆಸುಪಾಸಿನಲ್ಲಿ ಅದು ಕಳಚಿಕೊಂಡು ದೂರ ಸರಿಯಿತು ಎಂದು ಭೂವಿಜ್ಞಾನ ಹೇಳುತ್ತದೆ. ಹಕ್ಕಿಯ ಕಥೆ ಮಾತ್ರ ಅಷ್ಟು ಹಳೆಯದಲ್ಲ. ಅದರ ಪೂರ್ವಜರು ಎಷ್ಟೋ ಕಾಲದ ಅನಂತರ ಹಾರಿ ಬಂದು ಅಲ್ಲಿ ನೆಲೆಯೂರಿದವರು.

ಬಣ್ಣದ ದೃಷ್ಟಿಯಿಂದ ಸೆಶೆಲ್ಸ್ ಉಲಿಯಕ್ಕಿಯಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಬೆನ್ನು ಹಸಿರು ಬೆರೆತ ಮಾಸಲು ಕಂದು, ಹೊಟ್ಟೆ ತಿಳಿ, ಕೊಕ್ಕು ಉದ್ದ, ಕಾಲು ನೀಲಿ ಬೆರೆತ ಬೂದು. ತೂಕ ಹದಿನೈದು ಗ್ರಾಂ ಆಸುಪಾಸು. ಗಂಡುಹೆಣ್ಣುಗಳನ್ನು ಬರಿಗಣ್ಣಿನಿಂದ ಬೇರ್ಪಡಿಸುವುದು ಕಷ್ಟ. ಆದರೆ ಸಿಳ್ಳೆಯಂಥ ಅದರ ಹಾಡು ಕಾಡನ್ನು ತುಂಬುತ್ತದೆ.

ಇದೇ ಕುಲದ ಒಂದು ಸದಸ್ಯ ನಮ್ಮ ಊರುಗಳಿಗೂ ಬರುತ್ತದೆ. ಚಳಿಗಾಲದಲ್ಲಿ ಬೆಂಗಳೂರು, ಮೈಸೂರುಗಳ ಬೇಲಿ ಪೊದೆಗಳೊಳಗಿನಿಂದ 'ಚಕ್, ಚಕ್' ಎಂದು ಬೆರಳು ಚಿಟಿಕೆ ಹಾಕಿದಂತೆ ಕೇಳಿಬರುವ ಸದ್ದು ಬ್ಲಿತ್‌ನ ಜೊಂಡು ಉಲಿಯಕ್ಕಿಯದು. ಅದು ಫಿನ್ಲೆಂಡ್, ಸೈಬೀರಿಯಾಗಳಂಥ ಉತ್ತರದ ನಾಡುಗಳಲ್ಲಿ ಮರಿ ಮಾಡಿ, ಸಾವಿರಾರು ಕಿಲೋಮೀಟರ್ ಹಾರಿ ಇಲ್ಲಿಗೆ ಬರುತ್ತದೆ. ಸೆಶೆಲ್ಸ್‌ನ ಅದರ ದಾಯಾದಿಯಾದರೋ ಹುಟ್ಟಿದ ನಡುಗಡ್ಡೆ ಬಿಟ್ಟು ಕದಲುವುದಿಲ್ಲ. ಕಸಿನ್‌ನಿಂದ ಕೇವಲ 1.6 ಕಿಲೋಮೀಟರ್ ದೂರದಲ್ಲಿ ಕಸೀನ್ ಎಂಬ ಮತ್ತೊಂದು ನಡುಗಡ್ಡೆಯಿದೆ. (ಹೆಸರುಗಳು ಅವಳಿಗಳಂತಿವೆ, ಓದುಗರು ಗೊಂದಲಗೊಳ್ಳಬಾರದು, ಫ್ರೆಂಚ್‌ನಲ್ಲಿ ಒಂದು ಪುಲ್ಲಿಂಗ, ಇನ್ನೊಂದು ಸ್ತ್ರೀಲಿಂಗ.) ಕಣ್ಣಳತೆಯಲ್ಲೇ ಇರುವ ಆ ದಡಕ್ಕೂ ಈ ಹಕ್ಕಿ ಹಾರಿ ಹೋಗುವುದಿಲ್ಲ. ರೆಕ್ಕೆಯ ಅಳತೆ ನೋಡಿದರೆ ಅಷ್ಟು ದೂರ ಹಾರುವ ಶಕ್ತಿ ಅದಕ್ಕಿದೆ. ಆದರೂ ಉಂಗುರ ತೊಡಿಸಿದ ಹಕ್ಕಿಗಳಲ್ಲಿ ಬೇರೆ ನಡುಗಡ್ಡೆ ಸೇರಿದವು ಸಾವಿರಕ್ಕೆ ಒಂದರಷ್ಟು. ಶಕ್ತಿ ಇಲ್ಲದೆ ಅಲ್ಲ, ಮನಸ್ಸಿಲ್ಲದೆ ಎಂಬುದು ಸಂಶೋಧಕರ ತೀರ್ಮಾನ. ಈ ಒಂದು ಸ್ವಭಾವವೇ ಮುಂದಿನ ಎಲ್ಲ ಸಂಕಷ್ಟಗಳ ಬೇರು.

ಕಲ್ಪವೃಕ್ಷ ತಂದ ಕುತ್ತು

ತೆಂಗನ್ನು ಕಲ್ಪವೃಕ್ಷವೆಂದು ಪೂಜಿಸುವ ನಮಗೆ ಇದು ಸ್ವಲ್ಪ ಕಹಿ ಎನಿಸಬಹುದು. ಕೊಬ್ಬರಿಗೆ ಒಳ್ಳೆಯ ಬೆಲೆಯಿದ್ದ ಕಾಲದಲ್ಲಿ ಸೆಶೆಲ್ಸ್‌ನ ನಡುಗಡ್ಡೆಗಳ ಮೂಲ ಕಾಡನ್ನು ಕಡಿದು ತೆಂಗು ನೆಡಲಾಯಿತು. ಈ ಉಲಿಯಕ್ಕಿ ಬದುಕುವುದು ಎಲೆಗಳ ಮೇಲಿನ, ಅದರಲ್ಲೂ ಎಲೆಯ ಅಡಿಭಾಗದ ಹುಳುಹುಪ್ಪಟೆಗಳನ್ನು ಹೆಕ್ಕಿ ತಿಂದು. ಅಗಲವಾದ ಮೆತ್ತನೆಯ ಎಲೆಗಳ ಪಿಸೋನಿಯಾದಂಥ ಸ್ಥಳೀಯ ಮರಗಳಲ್ಲಿ ಅದಕ್ಕೆ ಊಟಕ್ಕೆ ಕೊರತೆಯಿಲ್ಲ. ತೆಂಗಿನ ಗರಿಯಲ್ಲಿ ಸಿಗುವುದೇನು? ತೋಟ ದೂರದಿಂದ ನೋಡಿದರೆ ಹಚ್ಚಹಸಿರು. ಹಕ್ಕಿಯ ಪಾಲಿಗೆ ಬರಗಾಲದ ಬಯಲು. ನೀಲಗಿರಿ, ಅಕೇಶಿಯಾ ನೆಡುತೋಪುಗಳನ್ನು ತೋರಿಸಿ ಕಾಡು ಬೆಳೆಸಿದ್ದೇವೆ ಎಂದು ಲೆಕ್ಕ ಒಪ್ಪಿಸುವುದನ್ನು ಕಂಡಿರುವ ನಮ್ಮ ಓದುಗರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ತೋಟದ ಜೊತೆಗೆ ಬಂದವು ಇಲಿ, ಬೆಕ್ಕುಗಳು. ಮರಿಯನ್ನೂ ಮೊಟ್ಟೆಯನ್ನೂ ಕಾಯಲು ಇಂಥ ಶತ್ರುಗಳನ್ನು ಕಂಡೇ ಇರದ ದ್ವೀಪದ ಹಕ್ಕಿಗಳಿಗೆ ಅವು ಯಮದೂತರಾದವು. ಮರಿಯಾನ್ ಮುಂತಾದ ನಡುಗಡ್ಡೆಗಳಿಂದ ಉಲಿಯಕ್ಕಿ ಕಣ್ಮರೆಯಾಯಿತು. ಕಸಿನ್‌ಗೆ ಇಲಿಗಳು ತಲುಪಿರಲಿಲ್ಲ. ಅಲ್ಲಿಯೂ ತೆಂಗು ವ್ಯಾಪಿಸಿತ್ತಾದರೂ ನಡುವೆ ಮೂಲ ಸಸ್ಯಗಳ ಒಂದು ತುಣುಕು ಉಳಿದಿತ್ತು. ಕೊನೆಯ ಮೂವತ್ತರೊಳಗಿನ ಹಕ್ಕಿಗಳು ಪ್ರಾಣ ಹಿಡಿದುಕೊಂಡಿದ್ದು ಅಲ್ಲಿಯೇ.

1968ರಲ್ಲಿ ಅಂತಾರಾಷ್ಟ್ರೀಯ ಪಕ್ಷಿ ಸಂರಕ್ಷಣಾ ಮಂಡಳಿ ದೇಣಿಗೆ ಸಂಗ್ರಹಿಸಿ ಕಸಿನ್ ನಡುಗಡ್ಡೆಯನ್ನು ಇಡಿಯಾಗಿ ಖರೀದಿಸಿತು. ಬರ್ಡ್‌ಲೈಫ್ ಇಂಟರ್‌ನ್ಯಾಷನಲ್ ಎಂದು ಇಂದು ಹೆಸರಾಗಿರುವ ಸಂಸ್ಥೆಯ ಹಿಂದಿನ ರೂಪ ಇದು. ಒಂದು ಹಾಡುಹಕ್ಕಿಗಾಗಿ ಇಡೀ ನಡುಗಡ್ಡೆ ಕೊಳ್ಳುವುದು ಅಂದಿಗೆ ಸಾಮಾನ್ಯ ಸಂಗತಿಯಾಗಿರಲಿಲ್ಲ. ಮುಂದೆ ನಡೆದದ್ದು ಸರಳ. ತೆಂಗಿನ ಸಸಿಗಳನ್ನು ಕಿತ್ತರು, ಮರಗಳನ್ನು ತೆಗೆದರು, ಮೂಲ ಕಾಡು ತಾನಾಗಿ ಮೇಲೇಳಲು ಬಿಟ್ಟರು. ಪಿಸೋನಿಯಾ ಮರ ಬೇಗ ಬೆಳೆಯುತ್ತದೆ. ಅದರ ಅಂಟುಬೀಜಗಳು ಕಡಲಹಕ್ಕಿಗಳ ರೆಕ್ಕೆಗೆ ಮೆತ್ತಿಕೊಂಡು ಹರಡುತ್ತವೆ. ಅಂಟು ಹೆಚ್ಚಾಗಿ ಹಕ್ಕಿಯೇ ಹಾರಲಾರದೆ ಸಾಯುವುದೂ ಉಂಟು. ಗೂಡು ಕಟ್ಟುವ ಕಡಲಹಕ್ಕಿಗಳ ಹಿಕ್ಕೆ ಮಣ್ಣಿಗೆ ಗೊಬ್ಬರ. ಗೊಬ್ಬರದಿಂದ ಎಲೆ, ಎಲೆಯಿಂದ ಹುಳು, ಹುಳುವಿನಿಂದ ಉಲಿಯಕ್ಕಿ.

1980ರ ದಶಕದ ಆರಂಭದ ಹೊತ್ತಿಗೆ ಕಸಿನ್‌ನಲ್ಲಿ ಸುಮಾರು 320 ಹಕ್ಕಿಗಳಿದ್ದವು. ಅಲ್ಲಿಗೆ ಏರಿಕೆ ನಿಂತಿತು. ನಡುಗಡ್ಡೆ ಭರ್ತಿಯಾಗಿತ್ತು.

ಜಾಗವಿಲ್ಲದ ಮನೆಯ ಕೂಡುಕುಟುಂಬ

ನಡುಗಡ್ಡೆ ಭರ್ತಿಯಾದಾಗ ಏನಾಯಿತು ಎಂಬುದೇ ವಿಜ್ಞಾನಿಗಳನ್ನು ಇಲ್ಲಿಗೆ ಎಳೆದು ತಂದ ಸಂಗತಿ. ಈ ಹಕ್ಕಿಗಳು ಜೋಡಿಯಾಗಿ ಒಂದೊಂದು ಸರಹದ್ದು ಗುರುತಿಸಿಕೊಂಡು ವರ್ಷವಿಡೀ ಅದನ್ನು ಕಾಯುತ್ತವೆ. ಕಸಿನ್‌ನಲ್ಲಿ ಇಂಥ ನೂರಕ್ಕೂ ಸ್ವಲ್ಪ ಹೆಚ್ಚು ಸರಹದ್ದುಗಳಿಗಷ್ಟೇ ಸ್ಥಳ. ಮರಿಗಳು ಬೆಳೆದು ದೊಡ್ಡವಾದರೂ ಹೋಗಲು ಜಾಗವಿಲ್ಲ. ಸಮುದ್ರ ದಾಟುವ ಮನಸ್ಸಂತೂ ಇಲ್ಲ. ಹೀಗಾಗಿ ಎಷ್ಟೋ ಹಕ್ಕಿಗಳು, ಅದರಲ್ಲೂ ಹೆಣ್ಣುಗಳು, ತವರಲ್ಲೇ ಉಳಿದುಬಿಡುತ್ತವೆ. ಗೂಡು ಕಟ್ಟಲು, ಕಾವು ಕೊಡಲು, ತಮ್ಮತಂಗಿಯರಿಗೆ ಹುಳು ತಂದು ಉಣಿಸಲು ಕೈಜೋಡಿಸುತ್ತವೆ.

ನೆದರ್ಲೆಂಡ್ಸ್‌ನ ಸಂಶೋಧಕ ಯಾನ್ ಕೊಮ್ಡರ್ 1980ರ ದಶಕದ ಮಧ್ಯಭಾಗದಲ್ಲಿ ಈ ಅಧ್ಯಯನ ಆರಂಭಿಸಿದರು. ಹಕ್ಕಿಗಳನ್ನು ತೆಳುಬಲೆಯಲ್ಲಿ ಹಿಡಿದು ಕಾಲಿಗೆ ಬಣ್ಣಬಣ್ಣದ ಉಂಗುರ ತೊಡಿಸಿ ಬಿಡಲಾಯಿತು. ಅಂದಿನಿಂದ ಇಂದಿನವರೆಗೆ, ಅಂದರೆ ನಾಲ್ಕು ದಶಕಗಳಷ್ಟು ಕಾಲ, ಕಸಿನ್‌ನ ಹೆಚ್ಚುಕಡಿಮೆ ಪ್ರತಿಯೊಂದು ಉಲಿಯಕ್ಕಿಯ ಹುಟ್ಟು, ಜೋಡಿ, ಮರಿ, ಸಾವುಗಳ ಲೆಕ್ಕ ದಾಖಲಾಗುತ್ತ ಬಂದಿದೆ. ಹಕ್ಕಿ ಹೊರಗೆ ಹೋಗುವುದಿಲ್ಲ, ಹೊರಗಿನಿಂದ ಬರುವುದೂ ಇಲ್ಲ. ಕಾಣೆಯಾಯಿತೆಂದರೆ ಸತ್ತಿತೆಂದೇ ಅರ್ಥ. ಕಾಡಿನಲ್ಲಿ ಸ್ವತಂತ್ರವಾಗಿರುವ ಜೀವಿಯೊಂದರ ಇಷ್ಟು ಪೂರ್ಣವಾದ ವಂಶಾವಳಿ ಜಗತ್ತಿನಲ್ಲಿ ಅಪರೂಪ.

ಆ ಲೆಕ್ಕಗಳಿಂದ ಹೊರಬಿದ್ದ ಸಂಗತಿಗಳಲ್ಲಿ 1997ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದದ್ದು ಜೀವವಿಜ್ಞಾನಿಗಳನ್ನು ಬೆರಗುಗೊಳಿಸಿತು. ಹುಳು ಹೇರಳವಾಗಿರುವ ಸರಹದ್ದಿನಲ್ಲಿ ನೆರವಿಗೊಬ್ಬರು ಇದ್ದರೆ ಲಾಭ. ಹುಳು ವಿರಳವಾದಲ್ಲಿ ಉಳಿದುಕೊಂಡ ಮಗಳು ನೆರವಾಗುವ ಬದಲು ಊಟಕ್ಕೆ ಪಾಲುದಾರಳಾಗುತ್ತಾಳೆ. ಗಂಡುಮರಿಗಳಾದರೋ ಬೇರೆಡೆಗೆ ಹೋಗುವುದೇ ಹೆಚ್ಚು. ಹಾಗಾದರೆ ಬಡ ಸರಹದ್ದಿನ ತಾಯಿಗೆ ಗಂಡುಮರಿ, ಶ್ರೀಮಂತ ಸರಹದ್ದಿನ ತಾಯಿಗೆ ಹೆಣ್ಣುಮರಿ ಲಾಭಕರ ಎಂದಾಯಿತು. ಆಗುತ್ತಿದ್ದದ್ದೂ ಹಾಗೆಯೇ! ಬಡ ಸರಹದ್ದುಗಳಲ್ಲಿ ಶೇ. 77ರಷ್ಟು ಮರಿಗಳು ಗಂಡು. ನೆರವಿಗಿನ್ನೂ ಯಾರೂ ಇಲ್ಲದ ಸಮೃದ್ಧ ಸರಹದ್ದುಗಳಲ್ಲಿ ಗಂಡುಗಳ ಪ್ರಮಾಣ ಕೇವಲ ಶೇ. 13. ಇನ್ನೂ ಮುಂದುವರಿದು, ಬಡ ಸರಹದ್ದಿನ ಜೋಡಿಗಳನ್ನು ಸಮೃದ್ಧ ಸರಹದ್ದಿಗೆ ಸಾಗಿಸಿ ನೋಡಿದಾಗ ಅವೇ ತಾಯಂದಿರು ಶೇ. 90 ಗಂಡುಮೊಟ್ಟೆ ಇಡುತ್ತಿದ್ದುದನ್ನು ಬಿಟ್ಟು ಶೇ. 85 ಹೆಣ್ಣುಮೊಟ್ಟೆ ಇಡತೊಡಗಿದರು. ಹಕ್ಕಿಗಳಲ್ಲಿ ಮರಿಯ ಲಿಂಗ ನಿರ್ಧಾರವಾಗುವುದು ತಂದೆಯಿಂದಲ್ಲ, ತಾಯಿಯ ಅಂಡದಿಂದ ಎಂಬುದನ್ನು ಇಲ್ಲಿ ನೆನಪಿಡಬೇಕು. ಸಾಮಾನ್ಯವಾಗಿ ಒಂದು ಬಾರಿಗೆ ಒಂದೇ ಮೊಟ್ಟೆ ಇಡುವ ಹಕ್ಕಿಗೆ ಆ ಒಂದು ಮೊಟ್ಟೆ ಯಾವುದಾಗಬೇಕು ಎಂಬುದು ಸಣ್ಣ ಪ್ರಶ್ನೆಯಲ್ಲ.

ಈ ಸಂಸಾರವನ್ನು ಆದರ್ಶ ಕುಟುಂಬವೆಂದು ಭಾವಿಸಿ ಭಾವುಕರಾಗಬೇಕಿಲ್ಲ. ಡಿಎನ್‌ಎ ಪರೀಕ್ಷೆ ಬಂದಮೇಲೆ ತಿಳಿದುಬಂದಂತೆ ಸುಮಾರು ಶೇ. 40ರಷ್ಟು ಮರಿಗಳ ತಂದೆ ಪಕ್ಕದ ಸರಹದ್ದಿನವನು! ನೆರವಿಗೆಂದು ನಿಂತ ಹೆಣ್ಣುಗಳೂ ಎಷ್ಟೋ ಬಾರಿ ಅದೇ ಗೂಡಿನಲ್ಲಿ ತಮ್ಮದೊಂದು ಮೊಟ್ಟೆ ಸೇರಿಸಿರುತ್ತವೆ. ಇನ್ನು ವಯಸ್ಸಾಗಿ ಯಜಮಾನಿಕೆ ಕಳೆದುಕೊಂಡ ಕೆಲವು ಹೆಣ್ಣುಹಕ್ಕಿಗಳು ಅದೇ ಸರಹದ್ದಿನಲ್ಲಿ ಉಳಿದು ಮೊಮ್ಮಕ್ಕಳಿಗೆ ಉಣಿಸುವುದನ್ನೂ ಸಂಶೋಧಕರು ದಾಖಲಿಸಿದ್ದಾರೆ. ಮನುಷ್ಯರಲ್ಲಿ ಸಹಜವೆನಿಸುವ ಅಜ್ಜಿಯ ಪಾತ್ರ ಹಕ್ಕಿಗಳಲ್ಲಿ ವಿರಳ. ನೆರವು ಪಡೆದ ತಾಯಂದಿರಲ್ಲಿ ಮುಪ್ಪು ನಿಧಾನವಾಗಿ ಬರುತ್ತದೆ ಎಂಬುದು 2019ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದ ಫಲಿತಾಂಶ.

ಗೂಡಿನ ಬಳಿ ಸದಾ ಒಬ್ಬರು ಇರಲೇಬೇಕು. ನಮ್ಮ ಗೀಜಗನ ಬಳಗಕ್ಕೆ ಸೇರಿದ, ಅದೇ ದ್ವೀಪಗಳಿಗೆ ಸೀಮಿತವಾದ ಫೋಡಿ ಎಂಬ ಹಕ್ಕಿ ಕಾವಲಿಲ್ಲದ ಮೊಟ್ಟೆಗಾಗಿ ಹೊಂಚು ಹಾಕುತ್ತಿರುತ್ತದೆ. ಗೂಡು ಬಿಟ್ಟ ಮೇಲೂ ಮರಿಗೆ ಮೂರು ತಿಂಗಳಷ್ಟು ಕಾಲ ಉಣಿಸಬೇಕಾಗುತ್ತದೆ. ಇಷ್ಟು ನಿಧಾನವಾಗಿ ವಂಶ ಬೆಳೆಸುವ ಹಕ್ಕಿ ಒಮ್ಮೆ ಕುಸಿದರೆ ತಾನಾಗಿ ಚೇತರಿಸಿಕೊಳ್ಳುವುದು ದುಸ್ತರ.

ಒಂದೇ ಬುಟ್ಟಿಯಿಂದ ಐದಕ್ಕೆ

ಸಂಖ್ಯೆ ಮುನ್ನೂರು ದಾಟಿದರೂ ಅಪಾಯ ಕಳೆದಿರಲಿಲ್ಲ. ಎಲ್ಲ ಹಕ್ಕಿಗಳೂ ಒಂದೇ ದಡದಲ್ಲಿದ್ದವು. ತಾವಾಗಿ ಸಮುದ್ರ ದಾಟದ ಹಕ್ಕಿಗಳನ್ನು ಮನುಷ್ಯರೇ ದಾಟಿಸಬೇಕಾಯಿತು. 1988ರಲ್ಲಿ 29 ಹಕ್ಕಿಗಳನ್ನು ಹಿಡಿದು ಆರಿಡ್ ನಡುಗಡ್ಡೆಗೆ ಸಾಗಿಸಲಾಯಿತು. ಚಾಕೊಲೇಟ್ ಉದ್ಯಮದ ಪ್ರಸಿದ್ಧ ಕುಟುಂಬದ ಕ್ರಿಸ್ಟೋಫರ್ ಕ್ಯಾಡ್‌ಬರಿ 1973ರಲ್ಲಿ ವನ್ಯಜೀವಿಗಳಿಗಾಗಿಯೇ ಕೊಂಡಿದ್ದ ನಡುಗಡ್ಡೆ ಅದು. 1990ರಲ್ಲಿ ಮತ್ತೆ 29 ಹಕ್ಕಿಗಳು ಕಸೀನ್‌ಗೆ ಹೋದವು. 1.6 ಕಿಲೋಮೀಟರ್‌ನ ಆ ಕಡಲನ್ನು ಅವು ಕೊನೆಗೂ ದಾಟಿದ್ದು ಹೀಗೆ.

ಆರಿಡ್‌ನಲ್ಲಿ ಹುಳುಗಳ ಸಮೃದ್ಧಿಯಿತ್ತು, ಜಾಗ ಖಾಲಿಯಿತ್ತು. ಅಲ್ಲಿ ಮೊದಲಿಗೆ ನೆರವಿನ ಹಕ್ಕಿ ಎಂಬುದೇ ಇರಲಿಲ್ಲ. ದೊಡ್ಡದಾದ ಪ್ರತಿ ಹಕ್ಕಿಯೂ ಸ್ವಂತ ಸಂಸಾರ ಹೂಡಿತು. ಒಳ್ಳೆಯ ಸರಹದ್ದುಗಳೆಲ್ಲ ಭರ್ತಿಯಾದ ಮೇಲಷ್ಟೇ ಮರಿಗಳು ತವರಲ್ಲಿ ಉಳಿಯುವ ರೂಢಿ ಮರಳಿತು. ಇತ್ತ ಕಸಿನ್‌ನಲ್ಲಿ ತೆರವಾದ ಸ್ಥಾನಗಳು ಕೆಲವೇ ಗಂಟೆಗಳಲ್ಲಿ ತುಂಬಿಹೋದವು. ತವರಲ್ಲಿ ಕಾದು ಕುಳಿತಿದ್ದ ಹಕ್ಕಿಗಳು ಧಾವಿಸಿ ಬಂದವು. ಕೂಡುಕುಟುಂಬದ ಗುಟ್ಟು ಪ್ರೀತಿಯಲ್ಲ, ಖಾಲಿ ಮನೆಯ ಅಭಾವ ಎಂಬುದು ಇದರಿಂದ ದೃಢಪಟ್ಟಿತು.

ಬಳಿಕ 2004ರಲ್ಲಿ 58 ಹಕ್ಕಿಗಳು ಡೆನಿಸ್ ದ್ವೀಪಕ್ಕೂ, 2011ರಲ್ಲಿ 59 ಹಕ್ಕಿಗಳು ಫ್ರೆಗಾಟ್ ದ್ವೀಪಕ್ಕೂ ಹೋದವು. ಎರಡೂ ಕಡೆ ಮೊದಲು ಇಲಿಗಳನ್ನು ಸಂಪೂರ್ಣವಾಗಿ ನಿರ್ಮೂಲ ಮಾಡಲಾಗಿತ್ತು. ಫ್ರೆಗಾಟ್‌ಗೆ 1995ರಲ್ಲಷ್ಟೇ ಹೊಸದಾಗಿ ಇಲಿಗಳು ದಡ ಸೇರಿದ್ದವು. ಅವನ್ನು ತೊಲಗಿಸಲು 2000ದವರೆಗೆ ಕಾಯಬೇಕಾಯಿತು. ಡೆನಿಸ್‌ನಲ್ಲಿ ಮತ್ತೊಂದು ತಲೆನೋವು ಕಾದಿತ್ತು. ಅದು ನಮ್ಮೂರಿನ ಗೊರವಂಕ, ಅಂದರೆ ಮೈನಾ! ಏಷ್ಯಾದಿಂದ ಒಯ್ದು ಬಿಟ್ಟ ಈ ಹಕ್ಕಿ ಅಲ್ಲಿ ಉಪಟಳಕಾರಿಯಾಗಿ ಬೆಳೆದಿತ್ತು. ವಲಸೆ ತಂದ ಉಲಿಯಕ್ಕಿಗಳ ತಲೆಗೆ ಅದು ಕುಕ್ಕಿ ಗಾಯ ಮಾಡುತ್ತಿದ್ದುದು ಕಂಡುಬಂತು. 2010ರ ದಶಕದಲ್ಲಿ ಡೆನಿಸ್‌ನಿಂದ ಮೈನಾಗಳನ್ನು ಕೊನೆಯ ಹಕ್ಕಿಯವರೆಗೂ ತೆಗೆಯಬೇಕಾಯಿತು. ನಮ್ಮ ಅಂಗಳದಲ್ಲಿ ನಿರಪಾಯಕಾರಿಯಾದದ್ದು ಬೇರೆಯವರ ಅಂಗಳದಲ್ಲಿ ಹಾಗಿರಬೇಕೆಂದಿಲ್ಲ.

ಈ ಎಲ್ಲ ಪ್ರಯತ್ನಗಳ ಫಲವಾಗಿ ಅಂತಾರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ಈ ಹಕ್ಕಿ ಅಪಾಯದ ವರ್ಗದಿಂದ ಒಂದು ಮೆಟ್ಟಿಲು ಮೇಲೇರಿ 'ಅಪಾಯದ ಸಮೀಪದಲ್ಲಿರುವ' ವರ್ಗಕ್ಕೆ ಬಂದಿದೆ.

ಉಳಿಯದೇ ಹೋದ ಇನ್ನೊಂದು

ಇದೇ ದೇಶದ ಮತ್ತೊಂದು ಹಾಡುಹಕ್ಕಿಗೆ ಈ ಭಾಗ್ಯ ಸಿಗಲಿಲ್ಲ. ಸೆಶೆಲ್ಸ್‌ನ ರಾಜಧಾನಿಯಿಂದ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರದಲ್ಲಿ, ದೈತ್ಯ ಆಮೆಗಳಿಗೆ ಹೆಸರಾದ ಅಲ್ದಾಬ್ರಾ ಹವಳದ್ವೀಪವಿದೆ. ಅಲ್ಲಿ ಪೊದೆ ಉಲಿಯಕ್ಕಿಯೊಂದು ವಿಜ್ಞಾನಿಗಳ ಕಣ್ಣಿಗೆ ಮೊದಲು ಬಿದ್ದದ್ದು 1967ರಲ್ಲಿ. ಅಂದರೆ ಕಸಿನ್ ಖರೀದಿಯಾಗುವ ಹಿಂದಿನ ವರ್ಷ. ಕರಾವಳಿಯ ಹತ್ತು ಹೆಕ್ಟೇರ್‌ನಷ್ಟು ಪೊದೆಗಾಡಿನಲ್ಲಿ ಬೆರಳೆಣಿಕೆಯಷ್ಟು ಹಕ್ಕಿಗಳು ಮಾತ್ರ ಇದ್ದವು. 1983ರಲ್ಲಿ ಕಂಡದ್ದೇ ಕೊನೆ. 1986ರ ಹುಡುಕಾಟದಲ್ಲಿ ಒಂದೂ ಸಿಗಲಿಲ್ಲ. ಇಲಿ, ಬೆಕ್ಕು ಮತ್ತು ಪೊದೆ ಮೇಯುವ ಆಡುಗಳ ಮೇಲೆ ಶಂಕೆ. ಒಂದು ಜೀವಿಗೆ ಹೆಸರಿಟ್ಟು ಇಪ್ಪತ್ತು ವರ್ಷ ತುಂಬುವ ಮೊದಲೇ ಅದರ ಶ್ರಾದ್ಧವನ್ನೂ ಮುಗಿಸಬೇಕಾಯಿತು.

ಉಳಿದ ಹಕ್ಕಿಯ ಮೈಯಲ್ಲೂ ಹಳೆಯ ಗಾಯ ಮಾಸಿಲ್ಲ. 1876ರಿಂದ 1940ರ ನಡುವೆ ಸಂಗ್ರಹಿಸಿ ವಸ್ತುಸಂಗ್ರಹಾಲಯಗಳಲ್ಲಿ ಇಟ್ಟಿದ್ದ 26 ಹಳೆಯ ಹಕ್ಕಿಗಳ ಡಿಎನ್‌ಎಯನ್ನು ಇಂದಿನವುಗಳ ಜೊತೆ ಹೋಲಿಸಿದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಈ ಪ್ರಭೇದ ತನ್ನ ವಂಶವಾಹಿ ವೈವಿಧ್ಯದಲ್ಲಿ ಸುಮಾರು ಕಾಲು ಭಾಗವನ್ನು ಕಳೆದುಕೊಂಡಿದೆ. ಇಂದಿನ ಸಾವಿರಾರು ಹಕ್ಕಿಗಳೂ ಆ ಮೂವತ್ತರೊಳಗಿನ ಪೂರ್ವಜರ ಸಂತತಿಯೇ ತಾನೆ? ಸಂಖ್ಯೆಯನ್ನು ಮತ್ತೆ ಗಳಿಸಬಹುದು. ಕಳೆದುಹೋದ ವೈವಿಧ್ಯ ಒಂದೆರಡು ದಶಕಗಳಲ್ಲಿ ಮರಳುವುದಿಲ್ಲ. ಹೊಸ ರೋಗವೊಂದು ಬಂದರೆ ಎದುರಿಸುವ ಬಲ ಎಲ್ಲ ಹಕ್ಕಿಗಳಲ್ಲೂ ಒಂದೇ ಬಗೆಯಾಗಿದ್ದೀತು ಎಂಬುದೇ ಆತಂಕ. ಹಕ್ಕಿಗಳನ್ನು ಒಂದಕ್ಕಿಂತ ಹೆಚ್ಚು ದ್ವೀಪಗಳಲ್ಲಿ ಹಂಚಿಡುವ ಕೆಲಸಕ್ಕೆ ಇಷ್ಟು ಮಹತ್ವ ಬಂದಿರುವುದು ಅದಕ್ಕಾಗಿಯೇ.

ಕಸಿನ್ ಈಗ ಸರ್ಕಾರಿ ಮಾನ್ಯತೆಯುಳ್ಳ ವಿಶೇಷ ಸಂರಕ್ಷಿತ ಪ್ರದೇಶ. 1998ರಿಂದ ಅದನ್ನು ನೋಡಿಕೊಳ್ಳುತ್ತಿರುವುದು ನೇಚರ್ ಸೆಶೆಲ್ಸ್ ಎಂಬ ಸ್ಥಳೀಯ ಸಂಸ್ಥೆ. ಪ್ರವಾಸಿಗರಿಗೆ ಪ್ರವೇಶವಿದೆ, ಅವರ ಶುಲ್ಕದಿಂದಲೇ ನಿರ್ವಹಣೆಯ ಬಹುಪಾಲು ನಡೆಯುತ್ತದೆ. ಆದರೆ ಹೊರಗಿನ ಯಾವ ದೋಣಿಯೂ ದಡ ಮುಟ್ಟುವಂತಿಲ್ಲ. ಬಂದವರು ಸಮುದ್ರದಲ್ಲೇ ತಮ್ಮ ದೋಣಿಯಿಂದ ಇಳಿದು ನಡುಗಡ್ಡೆಯದೇ ದೋಣಿಗೆ ಹತ್ತಬೇಕು. ಎಷ್ಟೇ ದೊಡ್ಡ ಅತಿಥಿಯಾದರೂ ಇದೇ ನಿಯಮ. ದೋಣಿಯ ಹಗ್ಗದ ಸುರುಳಿಯಲ್ಲಿ ಅಡಗಿ ಬರಬಹುದಾದ ಒಂದೇ ಒಂದು ಇಲಿಗೆ ಅಲ್ಲಿ ಇಂದಿಗೂ ಅಷ್ಟು ಹೆದರುತ್ತಾರೆ.